ಜಾಲತಾಣಗಳ ರೂಪಾಂತರವೂ ಬಳಕೆದಾರರ ಪ್ರತಿಭಟನೆಯೂ

ಸಾಮಾಜಿಕ ಜಾಲತಾಣವೊಂದರ ಹೊರರೂಪವು ಬದಲಾದಾಗ ಅದರ ಬಳಕೆದಾರರು ಮೊದಲು ಕೂಗಾಡುವರು, ತಿಂಗಳೊಪ್ಪತ್ತಿನಲ್ಲಿ ಹೊಸದಕ್ಕೆ ಹೊಂದಿಕೊಳ್ಳುವರು ಎಂದು ಹೇಳುವ ವಾಡಿಕೆಯುಂಟು. ಪ್ರತಿಭಟನೆಗೆಲ್ಲ ಅಭ್ಯಾಸಬಲವೇ ಕಾರಣವೆಂಬುದು ಈ ಮಾತಿನ ತಾತ್ಪರ್ಯ. ಕಳೆದ ಎರಡು ದಶಕಗಳ ಘಟನೆಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ ಈ ಅಭಿಪ್ರಾಯವು ಅರ್ಧಸತ್ಯವೆಂದೇ ನಮಗೆ ತೋರುತ್ತದೆ. ತಮ್ಮ ಕೈಯಲ್ಲಿದ್ದ ಉಪಯೋಗವೊಂದನ್ನು ತಮ್ಮನ್ನು ಕೇಳದೆ ತೆಗೆದುಹಾಕಿದಾಗಲೇ ಜನರ ಆಕ್ಷೇಪವು ಬಲವಾದುದು ಕಂಡುಬರುತ್ತದೆ.

2006ರ ಸೆಪ್ಟೆಂಬರ್ 5ರಂದು ಫೇಸ್‌ಬುಕ್ ಸಂಸ್ಥೆಯು ‘ನ್ಯೂಸ್ ಫೀಡ್’ ಎಂಬ ಏರ್ಪಾಟನ್ನು ಜಾರಿಗೆ ತಂದಿತು. ಅಲ್ಲಿಯವರೆಗೆ ಸ್ನೇಹಿತನ ಸಮಾಚಾರವನ್ನು ತಿಳಿಯಬೇಕಾದರೆ ಅವನ ಪುಟಕ್ಕೇ ಹೋಗಿ ನೋಡಬೇಕಾಗಿತ್ತು. ಈಗ ಅದು ಎಲ್ಲ ಸ್ನೇಹಿತರ ಮುಂದೆಯೂ ತಾನಾಗಿ ಬಂದು ಬೀಳತೊಡಗಿತು. ಇದನ್ನು ವಿರೋಧಿಸುವ ಗುಂಪಿಗೆ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಆ ಗುಂಪಿನ ಸುದ್ದಿಯನ್ನು ಹರಡಿದುದು ಅದೇ ನ್ಯೂಸ್ ಫೀಡ್ ಎಂಬುದು ವಿನೋದದ ಸಂಗತಿ. ಸಂಸ್ಥಾಪಕ ಮಾರ್ಕ್ ಝುಕರ್‌ಬರ್ಗ್ ಅವರು ಕ್ಷಮೆ ಕೋರಿ, ಯಾವ ಸಮಾಚಾರವು ಹೊರಬೀಳಬೇಕೆಂಬುದನ್ನು ಬಳಕೆದಾರರೇ ನಿರ್ಧರಿಸುವ ಅನುಕೂಲವನ್ನು ಒದಗಿಸಿದರು. ಏರ್ಪಾಟು ಮಾತ್ರ ಉಳಿದುಕೊಂಡಿತು.

ನಮ್ಮ ಜಿಲ್ಲೆಯವರಿಗೆ ಹೆಚ್ಚು ಹತ್ತಿರವಾದುದು ವಾಟ್ಸಾಪಿನ ಪ್ರಸಂಗ. 2009ರಲ್ಲಿ ಈ ಸಾಧನವು ಹುಟ್ಟಿದುದೇ ಹೆಸರಿನ ಪಕ್ಕದಲ್ಲಿ ಒಂದು ಸಾಲಿನ ‘ಸ್ಟೇಟಸ್’ ತೋರಿಸುವುದಕ್ಕಾಗಿ. ಕೆಲಸದಲ್ಲಿದ್ದೇನೆ, ನಿದ್ರಿಸುತ್ತಿದ್ದೇನೆ, ತುರ್ತು ಕರೆಗಳು ಮಾತ್ರ ಎಂಬರ್ಥದ ಸಿದ್ಧವಾಕ್ಯಗಳು ಅದರಲ್ಲಿದ್ದವು. ಬೇಕಾದವರು ತಮ್ಮದೇ ಸಾಲನ್ನು ಬರೆದುಕೊಳ್ಳಬಹುದಾಗಿತ್ತು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿಯೋ ಹರಿಹರದ ಕಾರ್ಖಾನೆಯಲ್ಲಿಯೋ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಮಲಗುವ ಕೆಲಸಗಾರನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಯಂತ್ರದ ಮುಂದೆ ನಿಂತಾಗ ಫೋನು ಎತ್ತಲಾರದ, ಹಗಲುನಿದ್ದೆಯನ್ನು ಕಳೆದುಕೊಳ್ಳಲಾರದ ಅಂಥವನಿಗೆ ಆ ಸಾಲು ಬಾಗಿಲಿಗೆ ತೂಗುಹಾಕಿದ ಫಲಕವಿದ್ದಂತೆ. ಒಮ್ಮೆ ಬರೆದರೆ ಅವನಾಗಿ ತೆಗೆಯುವವರೆಗೆ ಅದು ಅಲ್ಲಿಯೇ ಇರುತ್ತಿತ್ತು.

2017ರ ಫೆಬ್ರವರಿಯಲ್ಲಿ ಸಂಸ್ಥೆಯು ಈ ಸಾಲನ್ನು ತೆಗೆದು, 24 ಗಂಟೆಗಳಲ್ಲಿ ಮಾಯವಾಗುವ ಚಿತ್ರಗಳಿಗೆ ಸ್ಟೇಟಸ್ ಎಂಬ ಹೆಸರನ್ನು ಕೊಟ್ಟಿತು. ಹಬ್ಬದ ಚಿತ್ರಕ್ಕೆ, ಮದುವೆಯ ಮೆರವಣಿಗೆಗೆ ಇದು ಸೊಗಸಾದುದೇ ಸರಿ. ಫಲಕದ ಕೆಲಸಕ್ಕೆ ಬಾರದು. ನಾನಾ ದೇಶಗಳ ಬಳಕೆದಾರರು ಆಕ್ಷೇಪಿಸಿದರು. ಮಾರ್ಚ್ ತಿಂಗಳಲ್ಲಿಯೇ ಹಳೆಯ ಸಾಲು ‘ಅಬೌಟ್’ ಎಂಬ ಹೆಸರಿನಿಂದ ಹಿಂದಿರುಗಿತು. ಹೊಸ ಸ್ಟೇಟಸ್ಸೂ ಉಳಿಯಿತು. ಅಂದು ಆಕ್ಷೇಪಿಸಿದವರೇ ಇಂದು ಅದರಲ್ಲಿ ಮೊಮ್ಮಕ್ಕಳ ಚಿತ್ರ ಹಾಕುತ್ತಿರಬಹುದು. ಅದರಿಂದ ಅವರ ಆಕ್ಷೇಪವು ಹುಸಿಯಾಗಿತ್ತೆಂದು ಹೇಳುವುದು ನ್ಯಾಯವಲ್ಲ. ಹಳೆಯದು ಮರಳಿ ದೊರೆತ ಮೇಲೆ ಹೊಸದರೊಡನೆ ಜಗಳವಾಡಲು ಕಾರಣವೇ ಇರಲಿಲ್ಲ. 2022ರ ಜುಲೈನಲ್ಲಿ ಇನ್‌ಸ್ಟಾಗ್ರಾಂ ಸಂಸ್ಥೆಯೂ ಪರದೆ ತುಂಬುವ ಹೊಸ ವಿನ್ಯಾಸದ ಪ್ರಯೋಗವನ್ನು, ಲಕ್ಷಕ್ಕೂ ಮೀರಿದ ಸಹಿಗಳ ಮನವಿಯ ತರುವಾಯ, ಹಿಂತೆಗೆದುಕೊಂಡಿತು.

ಇಲ್ಲಿ ನಮ್ಮ ದೇಶದ ಹಿಂದಿನ ಬದಲಾವಣೆಯೊಂದನ್ನು ಹೋಲಿಸಿ ನೋಡುವುದು ಉಚಿತ. ದಶಮಾಂಶ ನಾಣ್ಯಪದ್ಧತಿಯು 1957ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 16 ಆಣೆಯ ರೂಪಾಯಿ 100 ನಯಾಪೈಸೆಯದಾಯಿತು. ಒಂದಾಣೆಗೆ ಆರೂಕಾಲು ನಯಾಪೈಸೆ. ಆ ಕಾಲನ್ನು ಕೊಡಲು ನಾಣ್ಯವೇ ಇಲ್ಲ. ಗೊಂದಲಕ್ಕೆ ಎಡೆ ಸಾಕಷ್ಟಿತ್ತು. ಆದರೆ ಅದಕ್ಕೆ ಬೇಕಾದ ಕಾನೂನು 1955ರಲ್ಲಿಯೇ ಸಂಸತ್ತಿನಲ್ಲಿ ಅಂಗೀಕೃತವಾಗಿತ್ತು. ಹಳೆಯ ನಾಣ್ಯಗಳು ಹೊಸವುಗಳ ಜೊತೆಗೆ ಕೆಲವು ವರ್ಷ ನಡೆದವು. 25 ಪೈಸೆಯ ನಾಣ್ಯವು 2011ರಲ್ಲಿ ಚಲಾವಣೆಯಿಂದ ಹೋಗುವವರೆಗೂ ಜನರ ಬಾಯಲ್ಲಿ ಅದು ನಾಲ್ಕಾಣೆಯೇ ಆಗಿತ್ತು. ಜಾಲತಾಣದ ಬಳಕೆದಾರನಿಗೆ ಇಂತಹ ಮುನ್ನೆಚ್ಚರಿಕೆಯೂ ಇಲ್ಲ, ಎರಡನ್ನೂ ಕೆಲಕಾಲ ನಡೆಸುವ ಅವಕಾಶವೂ ವಿರಳ.

ಇತಿಹಾಸದ ಅಭ್ಯಾಸಿಗಳಾದ ನಮಗೆ ಇನ್ನೊಂದು ತೊಡಕುಂಟು. ಒಂದಾಣೆಯ ನಾಣ್ಯವನ್ನು ಇಂದಿಗೂ ಅಜ್ಜಿಯ ಪೆಟ್ಟಿಗೆಯಲ್ಲಿ ಕಾಣಬಹುದು. 2017ಕ್ಕೆ ಮುಂಚಿನ ವಾಟ್ಸಾಪಿನ ಪರದೆಯು ಹೊಸ ಆವೃತ್ತಿ ಬಂದೊಡನೆ ಫೋನಿನಿಂದ ಅಳಿದುಹೋಯಿತು. ಕೆಲಸಗಾರನು ತನ್ನ ವೇಳೆಯನ್ನು ಕುರಿತು ತಾನೇ ಬರೆದ ಆ ಸಾಲುಗಳು ಪಾಳಿಯ ಬದುಕಿಗೆ ಎಂತಹ ಆಧಾರಗಳಾಗಬಹುದಾಗಿತ್ತು! ಹಳೆಯ ಫೋನುಗಳಲ್ಲಿ ಪರದೆಯ ಚಿತ್ರಗಳು ಇನ್ನೂ ಕೆಲವು ಉಳಿದಿರುವ ಸಂಭವವುಂಟು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಮುಂದಿನ ಬೇಸಗೆಯ ಬಿಡುವಿನಲ್ಲಿ ಕರೂರಿನಿಂದಲೇ ಆರಂಭಿಸಿ, ಒಡೆಯರ ಒಪ್ಪಿಗೆ ಪಡೆದು, ಅವುಗಳ ನಕಲು ತೆಗೆದಿಡಬೇಕೆಂದು ಕೋರುವೆವು.