ನಾಯಿ, ಬೆಕ್ಕುಗಳ ಅಪಸ್ಮಾರದಲ್ಲಿ ಮಿದುಳಿನ ಚಿತ್ರಣ

ನಾಯಿ, ಬೆಕ್ಕುಗಳಿಗೆ ಮೂರ್ಛೆರೋಗ (ಅಪಸ್ಮಾರ) ಬರಲು ಕಾರಣ ಮಿದುಳಿನ ರಚನೆಯಲ್ಲಿದೆಯೇ ಎಂದು ಪತ್ತೆಹಚ್ಚುವ ವಿಧಾನ. ಇದಕ್ಕೆ ಮುಖ್ಯವಾಗಿ ಬಳಸುವುದು ಎಂಆರ್‌ಐ. ಸಿಟಿ ಸ್ಕ್ಯಾನ್ ದೊಡ್ಡ ಗೆಡ್ಡೆಯನ್ನೂ ರಕ್ತಸ್ರಾವವನ್ನೂ ತೋರಿಸಬಲ್ಲದು. ಉರಿಯೂತದಂಥ ಸೂಕ್ಷ್ಮ ಬದಲಾವಣೆಗಳು ಅದರ ಕಣ್ಣಿಗೆ ಬೀಳದೆ ಹೋಗಬಹುದು.

ಅಪಸ್ಮಾರವನ್ನೇ ಎಂಆರ್‌ಐ ತೋರಿಸುತ್ತದೆ ಎಂಬ ನಂಬಿಕೆ ಸರಿಯಲ್ಲ. ಅದು ಗೆಡ್ಡೆ, ಮಿದುಳಿನ ಉರಿಯೂತ, ಹುಟ್ಟಿನಿಂದ ಬಂದ ದೋಷ, ಹಳೆಯ ಪೆಟ್ಟು ಮುಂತಾದವನ್ನು ಹುಡುಕುತ್ತದೆ. ಇವು ಯಾವುವೂ ಇಲ್ಲದೆ, ಉಳಿದ ಪರೀಕ್ಷೆಗಳೂ ಸಹಜವಾಗಿದ್ದರೆ, ಬಾರ್ಡರ್ ಕೋಲಿ, ಬೀಗಲ್, ಲ್ಯಾಬ್ರಡಾರ್ ಮುಂತಾದ ನಾಯಿ ತಳಿಗಳಲ್ಲಿ ವಂಶವಾಹಿ ಹಿನ್ನೆಲೆಯಿರುವ, ರಚನಾದೋಷವಿಲ್ಲದ ಅಪಸ್ಮಾರದ ನಿರ್ಣಯ ಗಟ್ಟಿಯಾಗುತ್ತದೆ. ಅಂತರರಾಷ್ಟ್ರೀಯ ಪಶುವೈದ್ಯಕೀಯ ಅಪಸ್ಮಾರ ಕಾರ್ಯಪಡೆ 2015ರಲ್ಲಿ ಪ್ರಕಟಿಸಿದ ಒಮ್ಮತದ ವರದಿಗಳ ಪ್ರಕಾರ, ಮೊದಲ ಸೆಳೆತ 6 ತಿಂಗಳಿಗೆ ಮುಂಚೆ ಅಥವಾ 6 ವರ್ಷದ ನಂತರ ಕಂಡ ನಾಯಿಗಳಿಗೆ, ಸೆಳೆತಗಳ ನಡುವೆಯೂ ನರದೋಷ ಉಳಿದಿದ್ದರೆ, ಸರಣಿ ಸೆಳೆತವಿದ್ದರೆ ಅಥವಾ ಔಷಧಿಗೆ ಜಗ್ಗದಿದ್ದರೆ ಎಂಆರ್‌ಐ ಅಗತ್ಯ. ಬೆಕ್ಕುಗಳಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಹಾನಿಯನ್ನು ವಿಶೇಷವಾಗಿ ಗಮನಿಸಬೇಕು. ಮುದಿ ಬೆಕ್ಕುಗಳಲ್ಲಿ ಮಿದುಳಿನ ಪೊರೆಯ ಗೆಡ್ಡೆ ಸಾಮಾನ್ಯ.

ಎಂಆರ್‌ಐ ಚಿತ್ರಗಳನ್ನು ಓದುವಾಗ ಒಂದು ಎಚ್ಚರ ಬಹಳ ಮುಖ್ಯ: ತೀವ್ರ ಸೆಳೆತವೇ ಮಿದುಳಿನಲ್ಲಿ ತಾತ್ಕಾಲಿಕ ಊತ ತರಬಲ್ಲದು. ಅದನ್ನು ಸೆಳೆತಕ್ಕೆ ಕಾರಣವಾದ ರೋಗವೆಂದು ತಪ್ಪು ತಿಳಿಯಬಾರದು. ಸಂದೇಹವಿದ್ದರೆ ಕೆಲವು ವಾರಗಳ ನಂತರ ಮತ್ತೆ ಚಿತ್ರಣ ಮಾಡಬೇಕು. ಪ್ರಾಣಿ ಅಲುಗಾಡದಿರಲು ಅರಿವಳಿಕೆ ಅನಿವಾರ್ಯ. ಬೆನ್ನುಹುರಿ ದ್ರವದ ಮಾದರಿಯನ್ನೂ ಸಾಮಾನ್ಯವಾಗಿ ಅದೇ ಅವಧಿಯಲ್ಲಿ, ಚಿತ್ರಣ ಮುಗಿದ ಮೇಲೆ ತೆಗೆಯುತ್ತಾರೆ.