ಬಾಲಕ್ಕೂ ಬೆಲೆ ಕೊಟ್ಟ ಕಾಲ

ನಾವು ಕೊಲ್ಲಿ ನಾಡಿಗೆ ದುಡಿಯಲು ಬಂದವರು. ಐದು ಶತಮಾನಗಳ ಹಿಂದೆ ಇದೇ ಕಡಲ ದಾರಿಯಲ್ಲಿ ನಮ್ಮ ನಾಡಿಗೆ ಹೋಗುತ್ತಿದ್ದದ್ದು ಕುದುರೆ. ಹೋರ್ಮುಜ್, ಏಡನ್‌ಗಳಲ್ಲಿ ಹಡಗೇರಿದ ಕುದುರೆಗಳು ಭಟ್ಕಳ, ಗೋವೆಗಳಲ್ಲಿಳಿದು, ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. ಭಟ್ಕಳದ ಎಷ್ಟೋ ಮನೆತನಗಳವರು ಇಂದು ನಮ್ಮ ನೆರೆಯಲ್ಲೇ ಇದ್ದಾರೆ, ನೋಡಿ!

ಸಾಳುವ ನರಸಿಂಹ (1485–1491) ಸಾವಿರ ಪರ್ದಾವ್ ಹೊನ್ನಿಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಬೆಲೆ! ಹೀಗೆಂದು ಬರೆದವನು ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ತುಗೀಸ ನೂನಿಜ್. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂಬುದೂ ಅವನದೇ ಲೆಕ್ಕ. ಇದು ದುಂದುವೆಚ್ಚವೆಂದು ನನಗನ್ನಿಸುವುದಿಲ್ಲ. ಆನೆ ಕುದುರೆ ತರುವ ಪರದೇಶಿ ವರ್ತಕರಿಗೆ ಮನ್ನಣೆ, ಒಳ್ಳೆಯ ಲಾಭ ಕೊಡಬೇಕು, ಅವು ಶತ್ರುಗಳ ಪಾಲಾಗಬಾರದು ಎಂದು ಕೃಷ್ಣದೇವರಾಯನೇ ತನ್ನ ತೆಲುಗು ಕಾವ್ಯ 'ಆಮುಕ್ತಮಾಲ್ಯದ'ದಲ್ಲಿ ಬುದ್ಧಿ ಹೇಳಿದ್ದಾನೆ. ಆದರೆ ಸತ್ತ ಕುದುರೆಗೂ ಹಣ ಸಿಗುವಾಗ ಹಡಗಿನಲ್ಲಿ ಅದಕ್ಕೆ ನೀರು ಮೇವು ಯಾರು ನೋಡಿಯಾರು?

ಕೊಳ್ಳುವಾಗ ಹಲ್ಲು ನೋಡಿ ವಯಸ್ಸು ತಿಳಿ, ಸುಳಿ ನೋಡಿ ಶುಭಾಶುಭ ತಿಳಿ ಎಂದವು ನಮ್ಮ ಅಶ್ವಶಾಸ್ತ್ರಗಳು. ಹಲ್ಲಿನ ಪರೀಕ್ಷೆಯನ್ನು ಇಂದಿನ ಪಶುವೈದ್ಯರೂ ಬಿಟ್ಟಿಲ್ಲ. ಸುಳಿಯ ಜಾಗಕ್ಕೆ ಎಕ್ಸ್‌ರೇ ಬಂದಿದೆ. ಕುದುರೆಯನ್ನು ಓಡಿಸಿ, ಕಾಲು ಮಡಿಸಿ, ಎದೆಬಡಿತ ಆಲಿಸಿದ ಮೇಲೆಯೇ ವ್ಯಾಪಾರ. (ಊರಿನ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮಾತ್ರ ಈಗಲೂ ಸುಳಿ ನೋಡುತ್ತಾರೆ.)

ಇನ್ನು ಆರೈಕೆಯ ಮಾತು. ತಮಿಳು ಕರಾವಳಿಯವರು ಕುದುರೆಗೆ ಅನ್ನ, ಬೇಯಿಸಿದ ಮಾಂಸ ತಿನ್ನಿಸುತ್ತಾರೆ, ಸಾಕಲು ತಿಳಿಯದೆ ಕೊಲ್ಲುತ್ತಾರೆ, ವ್ಯಾಪಾರ ನಿಲ್ಲದಿರಲೆಂದು ವರ್ತಕರು ಅಲ್ಲಿಗೆ ಕುದುರೆ ವೈದ್ಯರನ್ನೇ ಬಿಡುವುದಿಲ್ಲ ಎಂದು 13ನೇ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ ದೂರಿದ. ಇದನ್ನು ಪೂರಾ ನಂಬಬೇಕಿಲ್ಲ. 12ನೇ ಶತಮಾನದಲ್ಲೇ ಕಲ್ಯಾಣದ ಚಾಲುಕ್ಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ವಿಚಾರವಿದೆ. ಮುಂದೆ ಅಭಿನವಚಂದ್ರ ಕನ್ನಡದಲ್ಲೇ ಅಶ್ವವೈದ್ಯ ಬರೆದ. ಬೇಯಿಸಿದ ಹುರುಳಿ ನಮ್ಮ ಲಾಯಗಳ ವಾಡಿಕೆಯ ಮೇವು. ಇಂಗ್ಲಿಷರು ಅದಕ್ಕೆ 'ಹಾರ್ಸ್ ಗ್ರಾಂ' ಎಂದೇ ಹೆಸರಿಟ್ಟರು. ಮೊದಲು ಹುಲ್ಲು, ಕಾಳು ಮಿತವಾಗಿ ಎನ್ನುತ್ತಾರೆ ಇಂದಿನ ವೈದ್ಯರು. ಕಾಳು ಹೆಚ್ಚಾದರೆ ಹೊಟ್ಟೆಶೂಲೆ, ಗೊರಸಿನ ಉರಿಯೂತ.

ಈಗ ಕುದುರೆ ವಿಮಾನವೇರುತ್ತದೆ, ಪಾಸ್‌ಪೋರ್ಟ್ ಮತ್ತು ರಕ್ತಪರೀಕ್ಷೆಯ ಪತ್ರದೊಡನೆ. ದಾರಿಯಲ್ಲಿ ಸತ್ತರೆ ವಿಮಾ ಕಂಪನಿಯವರು ಕೇಳುವುದು ವೈದ್ಯರ ವರದಿಯನ್ನು. ಬಾಲ ತಂದರೆ ಸಾಲದು.