ಲಂಗರನ್ನೆತ್ತುವ ರಾಟೆಯ ಪೂರ್ವೋತ್ತರ

ನೌಕೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಹಾಯಿ, ಹುಟ್ಟು, ಚುಕ್ಕಾಣಿಗಳ ಚರಿತ್ರೆಯನ್ನೇ ಬರೆದಿರುತ್ತಾರೆ. ಹಡಗು ಹೇಗೆ ಚಲಿಸಿತೆಂಬ ವಿಷಯದಲ್ಲಿ ಅವರಿಗಿದ್ದ ಕುತೂಹಲವು, ಅದು ಹೇಗೆ ನಿಂತಿತು, ನಿಂತುದು ಮತ್ತೆ ಹೇಗೆ ಹೊರಟಿತು ಎಂಬ ವಿಷಯದಲ್ಲಿ ಇದ್ದಂತೆ ತೋರುವುದಿಲ್ಲ. ಲಂಗರನ್ನು ಬಿಡುವುದು ಸುಲಭ; ಅದರ ಭಾರವೇ ಆ ಕೆಲಸವನ್ನು ಮಾಡಿಕೊಳ್ಳುತ್ತದೆ. ಎತ್ತುವುದಾದರೋ ಮನುಷ್ಯನ ತೋಳಿಗೆ ಬಿದ್ದ ಹೊರೆ. ಹಡಗು ದೊಡ್ಡದಾದಷ್ಟೂ ಲಂಗರೂ ದೊಡ್ಡದಾಗಬೇಕು. ಲಂಗರು ತೋಳಿನ ಶಕ್ತಿಯನ್ನು ಮೀರಿದಲ್ಲಿ ಒಂದರ ಬದಲು ಹಲವು ಲಂಗರುಗಳನ್ನು ಹೊರಬೇಕು, ಇಲ್ಲವೆ ಯಂತ್ರವೊಂದನ್ನು ಹಡಗಿಗೆ ಹತ್ತಿಸಬೇಕು. ತುರ್ಕಿಯ ದಕ್ಷಿಣ ತೀರದ ಉಲುಬುರುನ್ ಎಂಬಲ್ಲಿ ಮುಳುಗಿದ್ದ, ಕ್ರಿಸ್ತಪೂರ್ವ 14ನೆಯ ಶತಮಾನದ ಹಡಗಿನಲ್ಲಿ 24 ಕಲ್ಲಿನ ಲಂಗರುಗಳು ದೊರೆತಿವೆ. ಇದು ಮೊದಲನೆಯ ಮಾರ್ಗಕ್ಕೆ ಒಳ್ಳೆಯ ನಿದರ್ಶನ.

ಎರಡನೆಯ ಮಾರ್ಗದ ಯಂತ್ರಕ್ಕೆ ಎರಡು ರೂಪಗಳುಂಟು. ಎರಡು ಗಟ್ಟಿಯಾದ ಕಂಬಗಳ ನಡುವೆ ಅಡ್ಡಲಾಗಿ ಮಲಗಿಸಿದ ದಿಂಡು ಒಂದು. ಇಂಗ್ಲಿಷರು ಇದನ್ನು ವಿಂಡ್‌ಲಾಸ್ ಎನ್ನುತ್ತಾರೆ. ನೆಟ್ಟಗೆ ನಿಲ್ಲಿಸಿದ ದಿಂಡು ಇನ್ನೊಂದು. ಅದರ ಹೆಸರು ಕ್ಯಾಪ್‌ಸ್ಟನ್. ಇವನ್ನು ಕ್ರಮವಾಗಿ ಅಡ್ಡರಾಟೆ, ನಿಲುರಾಟೆ ಎಂದು ಕರೆಯಬಹುದು. ಬಾವಿಯ ಮೇಲಿನ ರಾಟೆಯನ್ನು ಕಂಡವರಿಗೆ ಮೊದಲನೆಯದೂ, ಗಾಣವನ್ನು ಕಂಡವರಿಗೆ ಎರಡನೆಯದೂ ತೀರ ಹೊಸತಲ್ಲ. ಗಾಣವನ್ನು ಎತ್ತು ಸುತ್ತುತ್ತದೆ, ನಿಲುರಾಟೆಯನ್ನು ಮನುಷ್ಯರು ಸುತ್ತುತ್ತಾರೆ.

ನೆಲದ ಮೇಲೆ ಈ ಎರಡು ರೂಪಗಳೂ ಬಹು ಪುರಾತನ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನು ತನ್ನ ಗ್ರಂಥದ ಹತ್ತನೆಯ ಭಾಗದಲ್ಲಿ ಭಾರವೆತ್ತುವ ಯಂತ್ರಗಳನ್ನು ವಿವರಿಸುತ್ತ ಎರಡನ್ನೂ ಹೇಳಿರುವನು. ಹೆಸರುಗಳಂತೂ ಭಾಷಾಜಿಜ್ಞಾಸುಗಳಿಗೆ ರುಚಿಸತಕ್ಕವು. ಲ್ಯಾಟಿನ್ನಿನಲ್ಲಿ ಅಡ್ಡರಾಟೆಗೆ ‘ಸುಕುಲ’ ಎಂದು ಹೆಸರು, ಎಂದರೆ ಹಂದಿಮರಿ. ಗ್ರೀಕರು ಅದನ್ನೇ ‘ಓನೊಸ್’ ಎಂದರು, ಎಂದರೆ ಕತ್ತೆ. ಉತ್ತರದ ನಾರ್ಸ್ ಜನರು ಹಾಸ್ಯಕ್ಕೆ ಹೋಗದೆ ‘ವಿಂದಾಸ್’, ಸುತ್ತುವ ತೊಲೆ, ಎಂದು ಇದ್ದುದನ್ನು ಇದ್ದಂತೆಯೇ ಹೇಳಿದರು; ಇಂಗ್ಲಿಷ್ ಶಬ್ದವು ಇದರಿಂದಲೇ ಬಂದುದು. ನಮ್ಮ ‘ಲಂಗರು’ ಪಾರಸಿಯಿಂದ ಬಂದ ಮಾತು.

ಯಂತ್ರದ ಮರ್ಮವು ಸನ್ನೆಗೋಲಿನ ಮರ್ಮವೇ. ದಿಂಡಿನ ತ್ರಿಜ್ಯವು 1 ಅಡಿ, ಅದರ ರಂಧ್ರಕ್ಕೆ ತೂರಿಸಿದ ಕೋಲಿನ ತುದಿಯು ದಿಂಡಿನ ನಡುವಿನಿಂದ 6 ಅಡಿ ದೂರದಲ್ಲಿದೆ ಎಂದಿಟ್ಟುಕೊಂಡರೆ, 1,200 ಪೌಂಡಿನ ಭಾರಕ್ಕೆ 200 ಪೌಂಡಿನ ಬಲ ಸಾಕು. ನಾಲ್ವರು ತಲೆಗೆ 50 ಪೌಂಡಿನಂತೆ ಹಂಚಿಕೊಳ್ಳಬಹುದು. ಘರ್ಷಣೆಯಲ್ಲಿ ನಷ್ಟವಾಗುವುದು ಬೇರೆ. ಆದರೆ ಲಂಗರಿನ ತೂಕವೊಂದೇ ಇಲ್ಲಿಯ ಲೆಕ್ಕವಲ್ಲ. ಮೊದಲು ಗಾಳಿ ಪ್ರವಾಹಗಳಿಗೆ ಎದುರಾಗಿ ಇಡೀ ಹಡಗನ್ನೇ ಲಂಗರಿನ ನೆತ್ತಿಯವರೆಗೆ ಎಳೆದು ತರಬೇಕು. ಆಮೇಲೆ ಕೆಸರಿನಲ್ಲಿ ಹೂತ ಕೊಕ್ಕೆಯನ್ನು ಕೀಳಬೇಕು. ತೂಕವನ್ನೆತ್ತುವುದು ಆ ಬಳಿಕ. ಅಲೆಯೆದ್ದು ಹಡಗಿನ ಮೂಗು ಮೇಲಕ್ಕೆ ಚಿಮ್ಮಿದಾಗ ಹಗ್ಗವು ದಿಂಡನ್ನು ಹಿಂದಕ್ಕೆ ತಿರುಗಿಸಲು ಜಗ್ಗುತ್ತದೆ. ಹಾಗೆ ತಿರುಗದಂತೆ ದಿಂಡಿನ ಹಲ್ಲುಗಳಿಗೆ ಸಿಕ್ಕಿಕೊಳ್ಳುವ ತಡೆಗೊಕ್ಕೆಯೊಂದು ಉಂಟು. ಅದು ಮುರಿದರೆ ಕೋಲುಗಳು ಚಕ್ರದಂತೆ ತಿರುಗಿ ಹಿಡಿದವರ ಎದೆ ತೋಳುಗಳನ್ನು ಮುರಿಯುವುವು.

ಪ್ರಾಚೀನ ಗ್ರಂಥಗಳಲ್ಲಿ ಲಂಗರಿಗೆ ಬರಗಾಲವಿಲ್ಲ. ಪಾಲಿ ಭಾಷೆಯ ಮಿಲಿಂದಪಞ್ಹದಲ್ಲಿ ನಾವೆ, ಲಂಗರು, ಕೂಪಕಂಬ, ನಾವಿಕ ಇವೆಲ್ಲ ಭಿಕ್ಷುವಿನ ಗುಣಗಳಿಗೆ ಉಪಮಾನಗಳಾಗಿವೆ. ಅಲೆಗಳ ನಡುವೆ ನಾವೆಯನ್ನು ಕದಲದಂತೆ ಹಿಡಿಯುವುದು ಅಲ್ಲಿ ಲಂಗರಿನ ಗುಣ. ಹಿಡಿಯುವುದು ಉಪಮಾನಕ್ಕೆ ಒದಗಿತು. ಎತ್ತುವ ಶ್ರಮ ಒದಗಲಿಲ್ಲ. ಕ್ರೈಸ್ತರ ಅಪೊಸ್ತಲರ ಕೃತ್ಯಗಳಲ್ಲಿ ಪೌಲನ ಹಡಗು ಮಾಲ್ಟಾ ದ್ವೀಪದ ಬಳಿ ಬಿರುಗಾಳಿಗೆ ಸಿಕ್ಕಿದಾಗ ನಾವಿಕರು ಹಿಂಬದಿಯಿಂದ ನಾಲ್ಕು ಲಂಗರುಗಳನ್ನು ಇಳಿಸಿದರು. ಬೆಳಗಾದ ಮೇಲೆ ಅವನ್ನು ಎತ್ತುವ ಗೋಜಿಗೆ ಹೋಗದೆ ಸಮುದ್ರದಲ್ಲಿಯೇ ಬಿಟ್ಟು ದಡಕ್ಕೆ ನುಗ್ಗಿದರು. ಆಪತ್ತಿನಲ್ಲಿ ಲಂಗರನ್ನು ಕಳೆದುಕೊಳ್ಳುವುದು ನಾವಿಕನಿಗೆ ಎಂದಿನಿಂದಲೂ ತಿಳಿದ ಲೆಕ್ಕಾಚಾರ.

ಹಡಗಿನ ಮೇಲಿನ ರಾಟೆಯ ಅತ್ಯಂತ ಸ್ಪಷ್ಟವಾದ ಹಳೆಯ ವರ್ಣನೆಗಳಲ್ಲಿ ಒಂದು ಚೀನದ್ದು. ಸಾಂಗ್ ಚಕ್ರವರ್ತಿಯ ರಾಯಭಾರಿಗಳೊಡನೆ ಕ್ರಿ.ಶ. 1123ರಲ್ಲಿ ಕೊರಿಯಕ್ಕೆ ಹೋದ ಷೂ ಜಿಂಗ್ ಎಂಬ ಅಧಿಕಾರಿಯು ಮರುವರ್ಷ ಒಪ್ಪಿಸಿದ ವರದಿಯಲ್ಲಿ ತಾನು ಪಯಣಿಸಿದ ಹಡಗನ್ನು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ್ದಾನೆ. ಹಡಗಿನ ಮುಂತಲೆಯಲ್ಲಿ ಎರಡು ಕಂಬಗಳು. ಅವುಗಳ ನಡುವೆ ರಾಟೆ. ಅದರ ಮೇಲೆ ಮನೆಯ ಜಂತೆಯಷ್ಟು ದಪ್ಪವಾದ, 500 ಚೀನೀ ಅಡಿ ಉದ್ದದ ಬೆತ್ತದ ಹಗ್ಗ. ಹಗ್ಗದ ತುದಿಗೆ ಲಂಗರುಗಲ್ಲು. ಕಲ್ಲಿನ ಎರಡು ಪಕ್ಕಗಳಲ್ಲಿ ಮರದ ಕೊಕ್ಕೆಗಳು. ಹೊರಡುವಾಗ ರಾಟೆಯನ್ನು ಸುತ್ತಿ ಲಂಗರನ್ನು ಮೇಲಕ್ಕೆ ತೆಗೆದುಕೊಳ್ಳುತ್ತಿದ್ದರು. ಕಲ್ಲಿನ ಭಾರಕ್ಕೆ ಮರದ ಕೊಕ್ಕೆಯನ್ನು ಕೂಡಿಸುವ ಈ ಯುಕ್ತಿಯು ಚೀನದವರಿಗೆ ಮಾತ್ರ ತಿಳಿದುದಲ್ಲ. ಗುಜರಾತ, ಮಹಾರಾಷ್ಟ್ರ, ಗೋವೆಗಳ ಕರಾವಳಿಯ ಸಮುದ್ರದಲ್ಲಿ ದೊರೆತ ಉದ್ದನೆಯ ಲಂಗರುಗಲ್ಲುಗಳಲ್ಲಿ ಮೇಲ್ಗಡೆ ಹಗ್ಗಕ್ಕೆ ಒಂದು ತೂತೂ, ಕೆಳಗಡೆ ಮರದ ಕೊಕ್ಕೆಗಳಿಗೆ ಒಂದಕ್ಕೊಂದು ಅಡ್ಡಲಾಗಿ ಕೊರೆದ ಎರಡು ತೂತುಗಳೂ ಇವೆ. ವಿದ್ವಾಂಸರು ಇವನ್ನು ಇಂಡೋ-ಅರೇಬಿಯನ್ ಲಂಗರು ಎನ್ನುತ್ತಾರೆ.

ಯೂರೋಪಿನಲ್ಲಿ ಕಾಗದಕ್ಕಿಂತ ಗಟ್ಟಿಯಾದ ಸಾಕ್ಷ್ಯವು ಕೆಸರಿನಿಂದ ಎದ್ದುಬಂದಿತು. 1962ರಲ್ಲಿ ಜರ್ಮನಿಯ ಬ್ರೆಮೆನ್ ನಗರದ ಬಳಿ ವೇಸರ್ ನದಿಯಲ್ಲಿ ವ್ಯಾಪಾರದ ಹಡಗೊಂದು ಕಾಣಿಸಿಕೊಂಡಿತು. ಮರದ ಬೆಳವಣಿಗೆಯ ಉಂಗುರಗಳಿಂದ ಅದು ಸುಮಾರು 1380ರದೆಂದು ನಿರ್ಣಯವಾಗಿದೆ. ಅದರ ಹಿಂಬದಿಯ ಅಟ್ಟದ ಕೆಳಗೆ ಅಡ್ಡರಾಟೆಯೂ, ಅಟ್ಟದ ಮೇಲೆ ನಿಲುರಾಟೆಯೂ ಇವೆ. 1618ರಲ್ಲಿ ತೀರಿಕೊಂಡ ಸರ್ ವಾಲ್ಟರ್ ರ‍್ಯಾಲಿಯು, ನಿಲುರಾಟೆಯಿಂದ ಲಂಗರೆತ್ತುವುದನ್ನು ತನ್ನ ಕಾಲದ ಹೊಸ ಸುಧಾರಣೆಗಳಲ್ಲಿ ಒಂದೆಂದು ಎಣಿಸಿರುವನು. ಅವನ ಮಾತು ಇಂಗ್ಲೆಂಡಿನ ರಾಜನೌಕೆಗಳ ಮಟ್ಟಿಗೆ ಸಲ್ಲಬಹುದು. ಇನ್ನೂರು ವರ್ಷಗಳಿಗೂ ಹಿಂದಿನ ಹಡಗಿನಲ್ಲಿ ಆ ಯಂತ್ರವೇ ಇರುವಾಗ, ಅದು ಆಗ ಹೊಸದಾಗಿ ಹುಟ್ಟಿತೆಂದು ಆ ಮಾತನ್ನು ಆಧಾರವಾಗಿ ಹಿಡಿಯುವುದು ಸರಿಯಲ್ಲ. ನೌಕಾಸೈನ್ಯದವರ ಬರವಣಿಗೆಯಿಂದ ವ್ಯಾಪಾರಿಗಳ ಹಡಗಿನ ಚರಿತ್ರೆಯನ್ನು ಅಳೆಯುವುದರಲ್ಲಿ ಇಂಥ ಅಪಾಯ ಯಾವಾಗಲೂ ಉಂಟು.

ಮುಂದೆ ಈ ಎರಡು ರಾಟೆಗಳು ಎರಡು ಬಗೆಯ ಹಡಗುಗಳಲ್ಲಿ ನೆಲೆಗೊಂಡವು. ಯುದ್ಧನೌಕೆಗೆ ಆಳುಗಳ ಕೊರತೆಯಿಲ್ಲ. 1765ರಲ್ಲಿ ನೀರಿಗಿಳಿದ ವಿಕ್ಟರಿ ಹಡಗು 1805ರ ಟ್ರಫಾಲ್ಗರ್ ಕದನದಲ್ಲಿ 800ಕ್ಕೂ ಮೇಲ್ಪಟ್ಟು ಜನರನ್ನು ಹೊತ್ತಿತ್ತು. ಅಷ್ಟು ಜನ ಸಾಲುಸಾಲಾಗಿ ಸುತ್ತಿ ನಡೆಯಲು ನಿಲುರಾಟೆಯೇ ತಕ್ಕದು. ಆ ಹಡಗಿನ ಲಂಗರಿನ ಹಗ್ಗದ ಸುತ್ತಳತೆ 24 ಅಂಗುಲ. ಅಷ್ಟು ದಪ್ಪದ ಹಗ್ಗವು ದಿಂಡಿಗೆ ಸುತ್ತಿಕೊಳ್ಳದು. ಆದುದರಿಂದ ಸಪುರವಾದ ಬೇರೊಂದು ಹಗ್ಗವನ್ನು ಮಾಲೆಯಂತೆ ದಿಂಡಿಗೆ ಹಾಕಿ, ದಪ್ಪ ಹಗ್ಗವನ್ನು ಅಲ್ಲಲ್ಲಿ ಅದಕ್ಕೆ ಬಿಗಿದು ಎಳೆಯುತ್ತಿದ್ದರು. ವ್ಯಾಪಾರದ ಹಡಗಿನ ಯಜಮಾನನಾದರೋ ಪ್ರತಿಯೊಬ್ಬನ ಕೂಲಿಯನ್ನೂ ಎಣಿಸುವವನು. ಅವನಿಗೆ ಅಡ್ಡರಾಟೆಯೇ ಗತಿ. ಕೋಲನ್ನು ತೂರಿಸಿ ಕಾಲುಸುತ್ತು ಎಳೆಯುವುದು, ತಡೆಗೊಕ್ಕೆ ಬಿದ್ದ ಮೇಲೆ ಕಿತ್ತು ಮುಂದಿನ ರಂಧ್ರಕ್ಕೆ ತೂರಿಸುವುದು. ಕೆಲಸ ನಿಧಾನ, ಆದರೆ ಕೆಲವೇ ಜನರಿಂದ ಆಗತಕ್ಕದ್ದು.

ಎರಡೂ ಒಂದೇ ಹಡಗಿನಲ್ಲಿ ಕೂಡಿ, ಹಡಗಿನ ಉಳಿವೇ ಅವುಗಳ ಮೇಲೆ ನಿಂತ ಪ್ರಸಂಗವೊಂದು ಪ್ರಸಿದ್ಧವಾಗಿದೆ. ಕ್ಯಾಪ್ಟನ್ ಜೇಮ್ಸ್ ಕುಕ್ಕನ ಎಂಡೆವರ್ ಹಡಗು ಮೊದಲು ವಿಟ್‌ಬಿಯಲ್ಲಿ ಕಟ್ಟಿದ, ಕಲ್ಲಿದ್ದಲನ್ನು ಹೊರುವ ಹಡಗು. 1770ರ ಜೂನ್ 11ರ ರಾತ್ರಿ ಅದು ಆಸ್ಟ್ರೇಲಿಯದ ಪೂರ್ವತೀರದ ಹವಳದ ದಿಬ್ಬಕ್ಕೆ ಹತ್ತಿಕೊಂಡಿತು. ಭಾರವನ್ನು ತಗ್ಗಿಸಲು ಆರು ಫಿರಂಗಿಗಳನ್ನೂ ಇತರ ಸಾಮಗ್ರಿಗಳನ್ನೂ, ಒಟ್ಟು 40–50 ಟನ್ನಿನಷ್ಟು, ಸಮುದ್ರಕ್ಕೆಸೆದರು. ಹಗಲಿನ ಭರತಕ್ಕೆ ಹಡಗು ಮೇಲೇಳಲಿಲ್ಲ. ಒಂದೂವರೆ ಅಡಿಯ ನೀರು ಸಾಲದಾಯಿತು. ಅಷ್ಟರಲ್ಲಿ ಒಳಗೆ ನುಗ್ಗುವ ನೀರು ಪಂಪುಗಳನ್ನು ಮೀರತೊಡಗಿತು. ರಾತ್ರಿಯ ಭರತವು ಹೆಚ್ಚು ಎತ್ತರದ್ದು. ಅದರಲ್ಲಿ ಹಡಗು ತೇಲಬಹುದು, ಆದರೆ ದಿಬ್ಬದ ಆಸರೆ ತಪ್ಪಿದ ಕ್ಷಣವೇ ಮುಳುಗಲೂಬಹುದು. ಕುಕ್ಕನು ಎಳೆಯಿಸುವುದೆಂದೇ ನಿಶ್ಚಯಿಸಿದನು. ದೋಣಿಗಳಲ್ಲಿ ಲಂಗರುಗಳನ್ನು ಸಾಗಿಸಿ ಆಳದ ನೀರಿನಲ್ಲಿ ಇಳಿಬಿಟ್ಟಿದ್ದರು. ಪಂಪುಗಳಿಂದ ಬಿಡಿಸಬಹುದಾದ ಎಲ್ಲ ಆಳುಗಳನ್ನೂ ಎರಡು ರಾಟೆಗಳಿಗೆ ಹಚ್ಚಿದನು. ಲಂಗರನ್ನು ಹಡಗಿಗೆಳೆಯಲೆಂದು ಮಾಡಿದ ಯಂತ್ರವು ಆ ರಾತ್ರಿ ಹಡಗನ್ನು ಲಂಗರಿನ ಕಡೆಗೆ ಎಳೆಯಿತು. 12ರ ರಾತ್ರಿ ಸುಮಾರು 10 ಗಂಟೆ 20 ನಿಮಿಷಕ್ಕೆ ಹಡಗು ಆಳದ ನೀರಿಗೆ ಬಂದಿತು, ಮುಳುಗಲಿಲ್ಲ. ಒಡಕಿನಲ್ಲಿ ಹವಳದ ತುಂಡೊಂದು ಬಿರಟೆಯಂತೆ ಸಿಕ್ಕಿಕೊಂಡಿದ್ದುದು ರಿಪೇರಿಗಾಗಿ ದಡಕ್ಕೆಳೆದಾಗ ಕಂಡಿತು. ಲಂಗರುಗಳಲ್ಲಿ ಒಂದನ್ನು ಮಾತ್ರ ಎತ್ತಲಾಗದೆ ಹಗ್ಗವನ್ನು ಕಡಿದುಬಿಟ್ಟಿದ್ದರು. ಫಿರಂಗಿಗಳು 1969ರಲ್ಲಿಯೂ ಆ ಲಂಗರು 1971ರಲ್ಲಿಯೂ ದೊರೆತವು. ಲಂಗರನ್ನು ಕುಕ್‌ಟೌನಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಗ್ಗದ ಸ್ಥಾನಕ್ಕೆ ಸರಪಳಿ ಬಂದಿತು. 1808ರಿಂದ ಈಚೆಗೆ ಇದನ್ನು ರೂಢಿಗೆ ತಂದವರಲ್ಲಿ ಸ್ಯಾಮ್ಯುಯೆಲ್ ಬ್ರೌನನು ಮುಖ್ಯನು. ಸರಪಳಿಯ ಕೊಂಡಿಗಳು ಕೂರುವಂತೆ ದಿಂಡಿಗೆ ಗುಳಿಗಳುಳ್ಳ ಚಕ್ರವನ್ನು ತೊಡಿಸಬೇಕಾಯಿತು. ಬಳಿಕ ಪಂಪಿನ ಹಿಡಿಯಂತೆ ಮೇಲಕ್ಕೂ ಕೆಳಕ್ಕೂ ಒತ್ತುವ ಅಡ್ಡರಾಟೆ, ಅನಂತರ ಉಗಿ, ವಿದ್ಯುತ್ತು. ಇವುಗಳ ವಿವರವು ಯಂತ್ರಶಾಸ್ತ್ರದ ಪುಸ್ತಕಗಳಲ್ಲಿ ಧಾರಾಳವಾಗಿ ಸಿಕ್ಕುವುದು.

ಸಾಹಿತ್ಯದ ಅಧ್ಯಾಪಕರಿಗೆ ಇನ್ನೊಂದು ಸಂಗತಿಯು ಪ್ರಯೋಜನಕ್ಕೆ ಬರಬಹುದು. ಇಂಗ್ಲಿಷ್ ನಾವಿಕರ ಕೆಲಸದ ಹಾಡುಗಳನ್ನು ಸಂಗ್ರಹಿಸಿದವರು ಅವನ್ನು ಕೆಲಸದ ಪ್ರಕಾರವಾಗಿಯೇ ವಿಂಗಡಿಸಿದ್ದಾರೆ. ನಿಲುರಾಟೆಯ ಸುತ್ತ ಎಡೆಬಿಡದೆ ನಡೆಯುವವರ ಹಾಡಿಗೆ ನಡಿಗೆಯ ಸಮಲಯ. ಪಂಪಿನಂಥ ಅಡ್ಡರಾಟೆಯ ಹಾಡಿನಲ್ಲಿ ಕೋಲಿನ ಏರಿಗೂ ಇಳಿತಕ್ಕೂ ಒಂದೊಂದು ಒತ್ತು. ಬ್ರಿಟಿಷ್ ಯುದ್ಧನೌಕೆಗಳಲ್ಲಿ ಕೆಲಸದ ನಡುವೆ ಹಾಡುವುದಕ್ಕೆ ಅಪ್ಪಣೆಯಿರಲಿಲ್ಲ. ಅಲ್ಲಿ ಪಿಟೀಲು ಬಾರಿಸುವವನು ಹೆಜ್ಜೆಗೆ ಲಯವನ್ನು ಒದಗಿಸುತ್ತಿದ್ದನು. ಹಾಡುಗಳು ಉಳಿದುಬಂದುದು ಕೂಲಿಯನ್ನೆಣಿಸುತ್ತಿದ್ದ ವ್ಯಾಪಾರದ ಹಡಗುಗಳಿಂದ.